ಹಗ್ಗ ಹಿಡಿದವನು ಏನಾಗಬೇಕು

“ಗುರುಗಳೇ, ಒಳ್ಳೆಯದು ಮಾಡುತ್ತೇವೆಂದು ಬಂದವರನ್ನು ಅನುಮಾನಿಸುವುದು ತಪ್ಪಲ್ಲವೆ?” ಎಂದು ಮಠದ ಶಿಷ್ಯ ರೇವಣಸಿದ್ಧ ಕೇಳಿದ.

ಅವನ ಕೈಯಲ್ಲೊಂದು ಕಾಗದವಿತ್ತು. ಬೆಟ್ಟದ ಹಾಡಿಗಳ ಭೂಮಿಯ ಕಾಯ್ದೆಗೆ ತಿದ್ದುಪಡಿ ಬರಲಿತ್ತು. ಅದಕ್ಕೆ ಹಾಡಿಯವರು ಒಪ್ಪಿ ಹೆಬ್ಬೆಟ್ಟು ಒತ್ತಬೇಕಿತ್ತು. ಮಠದವರು ಹೇಳಿದರೆ ಅವರು ಕೇಳುತ್ತಾರೆಂದು ಸರ್ಕಾರದ ಸಾಹೇಬರು ಕಾಗದವನ್ನು ರೇವಣಸಿದ್ಧನ ಕೈಗೆ ಕೊಟ್ಟುಹೋಗಿದ್ದರು. ಮಾರನೆಯ ದಿನ ಅವನು ಬೆಟ್ಟ ಹತ್ತುವವನಿದ್ದ.

ಗುರುಗಳು ಕಾಗದವನ್ನು ಮುಟ್ಟಲಿಲ್ಲ. “ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಕೂತುಕೋ” ಎಂದು ಕತೆ ಹೇಳಿದರು.

ಒಂದು ಬೆಟ್ಟದಲ್ಲಿ ಜೇನು ಕೀಳುವವರ ಹಾಡಿಯಿತ್ತು. ಹಿಂದಿನ ರಾಜನೊಬ್ಬ ಅವರಿಗೆ ಕಲ್ಲಿನ ಮೇಲೆ ಶಾಸನ ಬರೆಸಿಕೊಟ್ಟಿದ್ದ. ಬೆಟ್ಟ ಅವರದು. ಹಾಡಿಯವರೆಲ್ಲ ಕೂತು ಹೂಂ ಎನ್ನದೆ ಅಲ್ಲಿ ಯಾರೂ ಮರ ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ. ಒಬ್ಬ ಮುದುಕಿ ಊಹೂಂ ಎಂದರೂ ಮುಗಿಯಿತು, ಬಂದವರು ಬಂದ ದಾರಿ ಹಿಡಿಯಬೇಕು.

ಹೊಸ ರಾಜ ಪಟ್ಟಕ್ಕೆ ಬಂದ. ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ ಎಂದು ಒಬ್ಬ ವರ್ತಕ ಅವನ ಕಿವಿಯಲ್ಲಿ ಊದಿದ. ಸ್ವಲ್ಪ ದಿನಕ್ಕೇ ಮಂತ್ರಿ ಹಾಡಿಗೆ ಬಂದ. ಕುದುರೆಯನ್ನು ಕೆಳಗೇ ಬಿಟ್ಟು ನಡೆದು ಬಂದ. ನೆಲದ ಮೇಲೆ ಕೂತ. ಕೊಟ್ಟ ಗೆಣಸು ತಿಂದು ಆಹಾ ಎಂದ. ಅತಿ ವಿನಯ ಧೂರ್ತ ಲಕ್ಷಣ ಅನ್ನುತ್ತಾರಲ್ಲ, ಪಾಪ, ಅದನ್ನು ಆ ಜನಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಂತ್ರಿ ಅವರ ಕೆಲಸವನ್ನೂ ನೋಡಿದ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆಯ ಅಂಚಿನಿಂದ ಇಳಿದು ಜೇನು ಕೀಳುತ್ತಿದ್ದ. ಮೇಲೆ ಒಬ್ಬ ಸಣಕಲ ಆ ಹಗ್ಗವನ್ನು ಮರಕ್ಕೊಂದು ಸುತ್ತು ಸುತ್ತಿ ಹಿಡಿದಿದ್ದ. ಪಕ್ಕದಲ್ಲೇ ಜಡೆಯನೆಂಬ ಗಟ್ಟಿಯಾಳು ಸುಮ್ಮನೆ ನಿಂತಿದ್ದ. ಇದೇನು ಹೀಗೆ ಎಂದು ಮಂತ್ರಿ ಕೇಳಿದ. ಹಗ್ಗ ಹಿಡಿಯುವವನು ಇಳಿದವನ ಬಾಮೈದನೇ ಆಗಿರಬೇಕು, ಅದು ನಮ್ಮ ಕಟ್ಟಳೆ ಎಂದರು. ಒಡಹುಟ್ಟಿದವನ ಕೈಯಾದರೂ ಸಡಿಲವಾದೀತು, ಹೆಂಡತಿಯ ತಮ್ಮನ ಕೈ ಸಡಿಲವಾಗುವುದಿಲ್ಲ. ಅಕ್ಕನ ತಾಳಿಯನ್ನು ಯಾವ ತಮ್ಮ ಕೈಬಿಡುತ್ತಾನೆ? ಭೇಷ್ ಎಂದ ಮಂತ್ರಿ.

ಆಮೇಲೆ ಬಂದ ಕೆಲಸ ಹೇಳಿದ. ಶಾಸನದ ಒಂದಕ್ಷರವನ್ನೂ ಅಳಿಸುವುದಿಲ್ಲ. ಬೆಟ್ಟ ನಿಮ್ಮದೇ. ಆದರೆ ಪ್ರತಿ ಸಲವೂ ನೀವೆಲ್ಲ ಕೆಲಸ ಬಿಟ್ಟು ಕೂರಬೇಕು, ಎಷ್ಟು ತೊಂದರೆ! ಇನ್ನು ಮೇಲೆ ಹೂಂ ಎನ್ನುವುದನ್ನೂ ಊಹೂಂ ಎನ್ನುವುದನ್ನೂ ಪೇಟೆಯಲ್ಲಿರುವ ನಮ್ಮ ಅಧಿಕಾರಿ ನಿಮ್ಮ ಪರವಾಗಿ ನೋಡಿಕೊಳ್ಳುತ್ತಾನೆ. ಒಂದೇ ಒಂದು ಸಾಲು ಸೇರಿಸುತ್ತೇವೆ, ಅಷ್ಟೆ.

ಹಾಡಿಯವರಿಗೆ ಹೌದೆನ್ನಿಸಿತು. ಜಡೆಯನಂತೂ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡೇ ನಿಂತ.

ಕೇತಮ್ಮನೆಂಬ ಮುದುಕಿಗೆ ಮಾತ್ರ ಹಾಗನ್ನಿಸಲಿಲ್ಲ. ನಮ್ಮ ತೊಂದರೆ ತಪ್ಪಿಸುವುದಕ್ಕೆ ಇಷ್ಟು ದೊಡ್ಡ ಮನುಷ್ಯ ಇಷ್ಟು ದೂರ ನಡೆದು ಬಂದನೇ? ಅವಳಿಗೆ ಭಯವಾಯಿತು. ಅವಳ ಗಂಡನನ್ನೂ ಇಬ್ಬರು ಮಕ್ಕಳನ್ನೂ ಅದೇ ಬೆಟ್ಟದಲ್ಲಿ ಮಣ್ಣು ಮಾಡಿದ್ದರು. ಅಲ್ಲಿ ಅಗೆಯುವುದೆಂದರೆ ಅವರನ್ನು ಅಗೆದಂತೆಯೇ.

“ಸ್ವಾಮಿ, ನೀವೂ ಒಂದು ಮಾರು ಇಳಿದು ನೋಡಿ. ಆಮೇಲೆ ಮೊದಲ ಹೆಬ್ಬೆಟ್ಟು ನನ್ನದೇ” ಎಂದಳು.

ಮಂತ್ರಿಗೆ ಹೆಬ್ಬೆಟ್ಟು ಬೇಕಿತ್ತು. ನಗುನಗುತ್ತ ಹಗ್ಗ ಕಟ್ಟಿಸಿಕೊಂಡ. ಬಂಡೆಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಕೆಳಗೆ ನೋಡಿದ. ನಗು ನಿಂತಿತು. ಹಿಂದಕ್ಕೆ ತಿರುಗಿ ನೋಡಿದ. ಹಗ್ಗ ಜಡೆಯನ ಕೈಯಲ್ಲಿತ್ತು.

“ಇವನು ನನಗೆ ಏನಾಗಬೇಕು?” ಎಂದು ಕೂಗಿದ.

“ಏನೂ ಆಗಬೇಕಾಗಿಲ್ಲ ಸ್ವಾಮಿ. ಗಟ್ಟಿಯಾಳು, ಒಳ್ಳೆಯವನು. ನಿಮ್ಮ ಪರವಾಗಿ ನೋಡಿಕೊಳ್ಳುತ್ತಾನೆ” ಎಂದಳು ಕೇತಮ್ಮ.

ಮಂತ್ರಿ ಸರಕ್ಕನೆ ಕಾಲು ಮೇಲೆಳೆದುಕೊಂಡ. ಅವಸರ ಅವಸರವಾಗಿ ಗಂಟು ಬಿಚ್ಚಿಕೊಂಡ. ಹಾಡಿಯವರೆಲ್ಲ ಅದನ್ನು ನೋಡಿದರು. ಜಡೆಯ ಹಗ್ಗ ಕೆಳಗಿಟ್ಟು ಹೆಬ್ಬೆಟ್ಟಿನ ಮಸಿಯನ್ನು ಬಂಡೆಗೆ ಒರೆಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ರೇವಣಸಿದ್ಧ ಕಾಗದವನ್ನು ಮಡಿಸಿದ, ಮತ್ತೆ ಬಿಡಿಸಿದ.

“ಆ ಮಂತ್ರಿ ಮೋಸಗಾರ, ಸರಿ. ನಮ್ಮ ಸಾಹೇಬರು ಅಂಥವರಲ್ಲ ಗುರುಗಳೇ. ಅದೂ ಅಲ್ಲದೆ ಕಾಗದ ಒಯ್ಯುವವನು ನಾನು. ನಾನು ಆ ಜನಕ್ಕೆ ಕೇಡು ಬಗೆಯುತ್ತೇನೆಯೆ? ಅವರು ನನ್ನನ್ನೂ ಅನುಮಾನಿಸಬೇಕೆ?”

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: “ಆ ಹಾಡಿಗೆ ನಿನ್ನ ಯಾವ ಅಕ್ಕನನ್ನು ಕೊಟ್ಟಿದೆಯಪ್ಪ?”