ಗೌಡರ ಹೆಸರಿನ ಬೋರ್ಡು

ನೀಲವ್ವನ ಚಹಾದಂಗಡಿಯ ತಗಡು ತಮ್ಮ ಮನೆಯ ಹೆಸರಿನ ಬೋರ್ಡಿಗೆ ಅಡ್ಡ ಬರುತ್ತದೆ, ಅಂಗಡಿ ಕೀಳಿಸಿ ಎಂದು ಅಂದಾನಗೌಡರು ದಾವೆ ಹಾಕಿದರು. ಹಾಕಿದವರು ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಪ್ರತಿ ಸಲ ವಕೀಲರು ವಾಯಿದೆ ಕೇಳುವರು, ನೀಲವ್ವ ಒಲೆ ಆರಿಸಿ ಬಂದು ಸುಮ್ಮನೆ ಹಿಂದಿರುಗುವಳು. ಕೊನೆಗೆ ಜಡ್ಜ್ ಸಾಹೇಬರು ರೇಗಿದರು: "ಮುಂದಿನ ಸಲ ಗೌಡರೇ ಬರಬೇಕು. ಇಲ್ಲದಿದ್ದರೆ ಕೇಸು ವಜಾ."

ಗೌಡರು ಬಂದರು. ವಕೀಲರು ಬೇರೆ ಕೋರ್ಟಿನಲ್ಲಿದ್ದರು. ವರಾಂಡದ ಬೆಂಚಿನಲ್ಲಿ ಮೀಸೆ ತಿರುವುತ್ತ ಕೂತಿದ್ದ ಗೌಡರಿಗೆ ನೀಲವ್ವ ಕೈಮುಗಿದಳು. "ಇಲ್ಲಿ ಜವಾನ ಎಲ್ಲಾರನ್ನೂ ಬರೇ ಹೆಸರು ಹಿಡದು ಒದರ್ತಾನ್ರೀ ಗೌಡ್ರ. ನಿಮ್ಮನ್ನ ಹಂಗ ಕರಿಯೋ ಧೈರ್ಯ ಅವಗ ಎಲ್ಲೈತ್ರೀ?"

"ಕರೀಲಿ ನೋಡ್ತೀನಿ! ಮರ್ಯಾದಿ ಕೊಟ್ಟು ಕರಿಯೂತನಕಾ ನಾ ಏಳೂದಿಲ್ಲ."

ಜವಾನ ಬಾಗಿಲಿಗೆ ಬಂದ. "ಅಂದಾನಗೌಡ!" ಗೌಡರು ಗೋಡೆ ನೋಡಿದರು. ಮೂರು ಸಲ ಕೂಗಿ ಅವನು ಒಳಗೆ ಹೋದ. ನೀಲವ್ವ ಅವನ ಹಿಂದೆಯೇ ಹೋಗಿ ನಿಂತಳು. ವಾದಿ ಗೈರುಹಾಜರು, ಕೇಸು ವಜಾ.

ಗೌಡರು ವಕೀಲರನ್ನು ಹಿಡಿದು ಎಳೆತಂದರು. ವಕೀಲರು ಪೆನ್ನು ತೆಗೆದರು. "ಕೇಸು ತಿರುಗಿ ತಗಸಬಹುದ್ರಿ. ಆದ್ರ ಕೂಗಿದಾಗ ಯಾಕ ಬರ್ಲಿಲ್ಲ ಅಂತ ಪ್ರಮಾಣ ಮಾಡಿ ಬರದುಕೊಡಬೇಕು. ಏನಂತ ಬರೀಲ್ರೀ ಗೌಡ್ರ?"

ಗೌಡರು ಈ ಸಲವೂ ಓ ಅನ್ನಲಿಲ್ಲ.