ಹಗೇವಿನ ಗಾಳಿ

“ಅಜ್ಜಾರ, ಗಾಳಿ ಆಡೋದು ಅಂದ್ರ ಏನ್ರಿ?” ಅಂತ ಮಠದ ಶಿಷ್ಯ ಮುರಿಗೆಪ್ಪ ಕೇಳೇಬಿಟ್ಟ. “ಹಾಸಿಗಿ ಹೊರಗ ಹಾಕಿದ್ರ ಗಾಳಿ ಆಡತೈತಿ, ಖೋಲಿ ಕಿಟಕಿ ತಗದ್ರ ಗಾಳಿ ಆಡತೈತಿ, ಅಷ್ಟು ನನಗೂ ಗೊತ್ತು. ಆದ್ರ ಮಗನ್ನ ಕಳಕೊಂಡ ಒಬ್ಬ ತಾಯಿ ನಿನ್ನೆ ಮಠಕ್ಕ ಬಂದು ಅಳಾಕತ್ತಿದ್ಲು, ನಾ ಹೋಗಿ ಸಮಾಧಾನ ಮಾಡಿದೆ, ಆಕಿ ಸುಮ್ಮನಾದ್ಲು. ನೀವು ನೋಡಿದ್ರ ‘ಗಾಳಿ ಆಡಾಕ ಬಿಡಬೇಕಿತ್ತು’ ಅಂದ್ರಿ! ಅಳೋರಿಗೆ ಎಂಥಾ ಗಾಳಿರಿ?”

ಅಜ್ಜಾರು ಕತಿ ಹೇಳಿದ್ರು. ಎಂಥಾ ಕತಿ ಅಂತೀರಿ!

ಒಬ್ಬ ರೈತ. ನೆಲದಾಗ ಬಾವಿಯಂಗ ಹಗೇವು ತೋಡಿ, ಜ್ವಾಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದ. ಮಳಿಗಾಲ ಕಳದ ಮ್ಯಾಲೆ ಕಲ್ಲು ಸರಿಸಿದ, ಸರಿಸಿದಾಂವನ ಇಳದಬಿಟ್ಟ! ತಡೀಲೇ ಇಲ್ಲ. ಮುಚ್ಚಿಟ್ಟ ಜ್ವಾಳದ ಉಸಿರು ತಿಂಗಳುಗಟ್ಲೆ ಅಲ್ಲೇ ಕುಂತು ವಿಷ ಆಗಿತ್ತು. ಕಾಳಿನ ಮ್ಯಾಲೆ ಕುಸದು ಬಿದ್ದ. ಗಾಯ ಇಲ್ಲ, ಹಾವಿಲ್ಲ, ಏನೂ ಇಲ್ಲ.

ರೈತನ ತಮ್ಮ ಓಡಿ ಬಂದು ಜಿಗಿಯಾಕ ಹ್ವಾದ. ರೈತನ ಹೆಂಡತಿ ಅಡ್ಡ ನಿಂತ್ಲು.

“ಸರೀರಿ ವೈನಿ! ಅಣ್ಣ ಸಾಯಾಕತ್ತಾನ!”

“ನೀ ಇಳದ್ರ ಎರಡು ಹೆಣಾ ಎತ್ತಬೇಕು. ಬೇವಿನ ಟೊಂಗಿ ಮುರಕೊಂಡು ಬಾ, ಓಡು!”

ಎಲಿ ತುಂಬಿದ ಟೊಂಗಿಗೆ ಹಗ್ಗಾ ಕಟ್ಟಿ ಇಳಿಬಿಟ್ಲು. ಕೆಳಗ, ಮ್ಯಾಲೆ, ಕೆಳಗ, ಮ್ಯಾಲೆ. ಒಳಗ ಗಂಡ ಬಿದ್ದಾನ, ಈಕಿ ಟೊಂಗಿ ಆಡಸಾಕತ್ತಾಳ! ಮೈದುನ ಬೈದ, ಕಲ್ಲೆದಿ ಹೆಂಗಸು ಅಂದ. ಆಕಿ ಕಂದೀಲು ಹಚ್ಚಿ ಇಳಿಬಿಟ್ಲು. ಅರ್ಧಕ್ಕ ಹೋಗೂದ್ರಾಗ ಫಟ್ ಅಂತ ಆರಿತು. ಯಾರೂ ಊದಿಲ್ಲ! ಬೈಯಾಕತ್ತಿದ್ದಾಂವ ತಣ್ಣಗಾಗಿ ತಾನೂ ಹಗ್ಗಕ್ಕ ಕೈ ಹಚ್ಚಿದ. ಇಬ್ಬರೂ ಸೇರಿ ಎಳದ್ರು, ಬಿಟ್ರು, ಎಳದ್ರು, ಬಿಟ್ರು.

ಮತ್ತ ಕಂದೀಲು ಬಿಟ್ರು. ಉರಿ ಅಲ್ಲಾಡಿತು, ಸಣ್ಣದಾತು, ಇನ್ನೇನು ಆರಿತು ಅನ್ನೂದ್ರಾಗ ನೆಟ್ಟಗ ನಿಂತಬಿಟ್ಟಿತು! ತಳಾ ಎಲ್ಲಾ ಬೆಳಕ. ಬಿಳಿ ಜ್ವಾಳದ ಮ್ಯಾಲೆ ರೈತನ ಎದಿ ಸಾವಕಾಶ ಏರಿ ಇಳ್ಯಾಕತ್ತಿತ್ತು.

“ಈಗ ಇಳಿ, ನಮ್ಮಪ್ಪಾ” ಅಂದ್ಲು ಆಕಿ.

ಮುರಿಗೆಪ್ಪನ ಕಣ್ಣು ಇಷ್ಟಗಲ ಆಗಿದ್ದವು. “ಬದುಕಿದ್ನಲ್ಲರಿ ಅಜ್ಜಾರ! ಕಣ್ಣಿಗೇ ಕಾಣದ್ದನ್ನ ಆಕಿ ಹೊರಗ ಹಾಕಿದ್ಲಲ್ಲರಿ! ಆದ್ರ ನಾ ಎಲ್ಲಿ ಇಳದೆ? ನಿನ್ನೆ ನಾ ಮಾಡಿದ ತಪ್ಪೇನ್ರಿ?”

ಅಜ್ಜಾರು ಅಂದ್ರು: “ಆ ತಾಯಿ ಕಷ್ಟಪಟ್ಟು ಕಲ್ಲು ಸರಿಸಿದ್ಲು, ‘ಅಳಬ್ಯಾಡವ್ವಾ’ ಅಂತ ನೀ ಹೋಗಿ ಮತ್ತ ಮುಚ್ಚಿ ಬಂದಿ.”