ಪೊಟರೆಯ ಕಾವಲು

ಆಲದ ಮರದ ಕಾಗೆಗಳಲ್ಲಿ ಹಳೆಯದೊಂದು ಕಟ್ಟಳೆಯಿತ್ತು. ಯಾರದೇ ಗೂಡಿನ ಕಡ್ಡಿ ಕದ್ದವನು ಅದನ್ನು ತಂದುಕೊಟ್ಟು, ಮರಿಯಾಗುವವರೆಗೆ ಆ ಗೂಡನ್ನು ಕಾಯಬೇಕು. ಆ ಬೇಸಿಗೆ ಮೊಂಡುಕೊಕ್ಕ ಎಂಬ ಕಾಗೆ ಕಾಡಿಗೆ ಎಂಬ ಹೆಣ್ಣುಕಾಗೆಯ ಗೂಡಿನಿಂದಲೇ ಕಡ್ಡಿ ಕದ್ದ. ಕಾಡಿಗೆ ಕೆಂಡವಾದಳು.

"ಇವನು ಮಳೆಗಾಲ ಮುಗಿಯುವವರೆಗೂ ಪೊಟರೆಯೊಳಗೇ ಬಿದ್ದಿರಲಿ. ಇನ್ನು ಮೇಲೆ ಎಲ್ಲ ಕಳ್ಳರಿಗೂ ಇದೇ ಕಾನೂನಾಗಲಿ," ಎಂದು ಸಭೆಯಲ್ಲಿ ಪಟ್ಟುಹಿಡಿದಳು.

"ಅವರಿಗೆ ಉಣಿಸುವವರು, ಅವರನ್ನು ಕಾಯುವವರು ಯಾರಮ್ಮ?" ಎಂದ ಹಿರಿಯ ಕಾಗೆ.

"ನಾವೇ!" ಎಂದು ಮರಕ್ಕೆ ಮರವೇ ಕೂಗಿತು.

ಕಡ್ಡಿ ಕದಿಯದ ಕಾಗೆ ಎಲ್ಲಿದೆ? ಕೆಲವೇ ದಿನಗಳಲ್ಲಿ ಪೊಟರೆಗಳೆಲ್ಲ ತುಂಬಿದವು. ಮಿಕ್ಕವರು ತಮ್ಮ ತಮ್ಮ ಗೂಡು ಬಿಟ್ಟು, ಸರದಿಯ ಮೇಲೆ ಅನ್ನದಗುಳು ತಂದು, ಪೊಟರೆಯ ಬಾಯಲ್ಲಿ ಕಾವಲು ಕೂತರು. ಕಾಡಿಗೆಯೂ ಕೂತಳು. ಸರದಿ ಮುಗಿಸಿ ಮರಳಿದರೆ, ಅವಳದೊಂದು ಮೊಟ್ಟೆ ನೆಲಕ್ಕೆ ಬಿದ್ದು ಒಡೆದಿತ್ತು. ಅದರ ಜಾಗದಲ್ಲಿ ತನ್ನ ಮೊಟ್ಟೆಯಿಟ್ಟ ಕೋಗಿಲೆ ಆಗತಾನೇ ಗೂಡಿನಿಂದ ಏಳುತ್ತಿದ್ದಳು.

"ಬಹಳ ಒಳ್ಳೆಯ ಕಾನೂನು ತಂದಿರಿ, ತಾಯಿ. ಇನ್ನಷ್ಟು ಬಿಗಿ ಮಾಡಿ," ಎಂದು ಹೇಳಿ ಹಾರಿಹೋದಳು.

ಕಾಡಿಗೆ ಅಳುತ್ತ ಕೂರಲಿಲ್ಲ. ನೆಟ್ಟಗೆ ಪೊಟರೆಗೆ ಹೋಗಿ ಮೊಂಡುಕೊಕ್ಕನನ್ನು ಹೊರಗೆ ಕರೆದಳು.

"ಕಾನೂನಿನ ಗತಿ?" ಎಂದು ಕಾವಲಿನವರು ಅಡ್ಡಬಂದರು.

"ಹಟ ಹಿಡಿದು ತಂದವಳು ನಾನು, ಹಟ ಹಿಡಿದು ತೆಗೆಸುವವಳೂ ನಾನೇ. ನಡೆಯೋ, ಮೊದಲು ನನ್ನ ಕಡ್ಡಿ ತಾ. ಇಷ್ಟು ದಿನ ನಿನ್ನನ್ನು ನಾನು ಕಾದದ್ದು ಸಾಕು. ಇನ್ನು ಉಳಿದಿರುವ ಮೊಟ್ಟೆಗಳನ್ನು ನೀನು ಕಾಯಬೇಕು."